ಸೊನ್ನೆ ಬರೆಯುವವರು

ಮುಂಗಾರು ಬಿರುಸಾಗಿರುವಾಗ ಯಾವುದಾದರೂ ಒಂದು ಬೆಳಗ್ಗೆ ಕೊಯಮತ್ತೂರು ಜಿಲ್ಲೆಯ ಮಳೆಪಟ್ಟಿ ನೋಡಿ. ಚಿನ್ನಕಲ್ಲಾರ್, ಸಿಂಕೋನಾ, ಸೋಲೈಯಾರ್, ವಾಲ್ಪಾರೈ ಎಂಬ ಹೆಸರುಗಳ ಎದುರಿಗೆ ಎರಡಂಕಿ, ಮೂರಂಕಿ. ಸೂಲೂರು, ಅನ್ನೂರು, ಪೀಳಮೇಡಿನ ಎದುರಿಗೆ ಸೊನ್ನೆ, ಸೊನ್ನೆ, ಸೊನ್ನೆ. ಕರ್ನಾಟಕದವರಿಗೆ ಹೇಳುವುದಾದರೆ, ಆಗುಂಬೆಯನ್ನೂ ಚಳ್ಳಕೆರೆಯನ್ನೂ ಒಂದೇ ಜಿಲ್ಲೆಗೆ ಸೇರಿಸಿದ ಹಾಗೆ. ಅಲ್ಲಾದರೆ ನಡುವೆ ಸುಮಾರು 200 ಕಿ.ಮೀ. ನೆಲವಿದೆ. ನಮ್ಮಲ್ಲಿ, ವರ್ಷಕ್ಕೆ 5,000 ಮಿ.ಮೀ. ಹತ್ತಿರ ಸುರಿಯುವ ಚಿನ್ನಕಲ್ಲಾರಿನಿಂದ ಬಯಲಿನ ಉಡುಮಲಪೇಟೆಗೆ ನೇರ ಗೆರೆ ಎಳೆದರೆ 50 ಕಿ.ಮೀ. ಕೂಡ ಆಗುವುದಿಲ್ಲ.

ಇದಕ್ಕೆ ಕಾರಣ ಬೆಟ್ಟ, ಮತ್ತು ಬೆಟ್ಟದ ಸಾಲಿನಲ್ಲಿ ಬಿಟ್ಟುಹೋದ ಕಂಡಿ. ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೆಮಲೆ, ನಡುವೆ 30–40 ಕಿ.ಮೀ. ಅಗಲದ ಪಾಲಕ್ಕಾಡು ಕಂಡಿ. ಕೇರಳದ ಮೇಲೆ ಮಳೆ ಇಳಿಸಿದ ಗಾಳಿ ಈ ಕಂಡಿಯಲ್ಲಿ ನುಗ್ಗಿ ಬರುತ್ತದೆ. ಆಷಾಢದಲ್ಲಿ ನಮ್ಮ ಪಾಲಿಗೆ ಸಿಗುವುದು ಆ ಗಾಳಿ ಮಾತ್ರ. ಮೋಡಗಳು ತಲೆಯ ಮೇಲೆ ಓಡುತ್ತಲೇ ಇರುತ್ತವೆ, ನಿಲ್ಲುವುದಿಲ್ಲ. ಪೊಳ್ಳಾಚಿಯವರೆಗೆ ಒಂದಿಷ್ಟು ಸೋನೆ ಬಿದ್ದೀತು. ಪಲ್ಲಡಂ ದಾಟಿದರೆ ಅದೂ ಅಪರೂಪ. ಕೊಯಮತ್ತೂರು ನಗರಕ್ಕೆ ವರ್ಷಕ್ಕೆ ಬೀಳುವುದು 600–700 ಮಿ.ಮೀ.; ಅದರಲ್ಲಿ ದೊಡ್ಡ ಪಾಲು ಹಿಂಗಾರಿನದು, ಅಕ್ಟೋಬರ್ ನವೆಂಬರಿನದು.

ಹಾಗಾಗಿ ‘ಕೊಯಮತ್ತೂರಿನಲ್ಲಿ ಮಳೆಯಾಯಿತು’ ಎಂದು ಯಾರಾದರೂ ಹೇಳಿದರೆ ನಾವು ಯಾವ ಊರು, ಯಾವ ಬೀದಿ ಎಂದು ಕೇಳುತ್ತೇವೆ. ಕೊಯಮತ್ತೂರು, ತಿರುಪ್ಪೂರು ಈ ಎರಡು ಜಿಲ್ಲೆಗಳಲ್ಲಿ ಮನೆಗಳ ಮಾಳಿಗೆ ಮೇಲೆ ಮಳೆಮಾಪಕ ಏರಿದ್ದಕ್ಕೆ, ಬೆಳಗಾದರೆ ಮೊಬೈಲಿನಲ್ಲಿ ಅಂಕಿ ಹಂಚಿಕೊಳ್ಳುವ ಗುಂಪುಗಳು ಹುಟ್ಟಿಕೊಂಡದ್ದಕ್ಕೆ ನನ್ನ ಮಟ್ಟಿಗೆ ಇದೇ ಮೂಲ. ಹಂಚಿಕೊಳ್ಳುವುದು ಹೊಸದು. ಲೆಕ್ಕ ಇಡುವುದು ಮಾತ್ರ ಇಲ್ಲಿ ಬಹಳ ಹಳೆಯ ಚಾಳಿ.

ನಾವು ದೇವಾಂಗರು, ನೇಕಾರರು. ಮನೆಮಾತು ಕನ್ನಡ, ಮನೆದೇವರು ಚೌಡೇಶ್ವರಿ, ಶಾಲೆಯಲ್ಲಿ ಓದಿದ್ದು ಬರೆದದ್ದೆಲ್ಲ ತಮಿಳು. ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿ ಗುಡಿಯ ಸುತ್ತ, ಸಿರುಮುಗೈಯಲ್ಲಿ, ನೆಗಮದಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ನಾನು ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಹೋದ ಮೇಲೆ, ಅತ್ತೆಯವರ ಪಂಚಾಂಗದಲ್ಲಿ ಬೆರಳಿಟ್ಟು. ಮಳೆ ನಕ್ಷತ್ರಗಳನ್ನು ಸಾಲಾಗಿ ಕಲಿತದ್ದೂ ಅಲ್ಲೇ. ಮಘೆ ಮಳೆ ಬಂದಷ್ಟೂ ಚೆನ್ನ, ಮನೆ ಮಗ ಉಂಡಷ್ಟೂ ಚೆನ್ನ ಎಂದು ಅತ್ತೆ ಹೇಳುವಾಗ ನನಗೆ ಒಳಗೇ ನಗು; ನನ್ನ ತವರಲ್ಲಿ ಮಘೆಗೆ ಬರುವುದು ಧೂಳು. ಈಗ ಸಂಸಾರ ಸಮೇತ ಸೋಮನೂರಿನ ಕಡೆಗೇ ಮರಳಿದ್ದೇವೆ. ಅಂಗಳದಲ್ಲೊಂದು ಮಳೆಮಾಪಕ ಇದೆ.

ನೇಕಾರರ ಮನೆಗೆ ಮಳೆ ಎಂದೂ ಬರೀ ಸಂತೋಷದ ಸುದ್ದಿ ಆಗಿರಲಿಲ್ಲ. ಕೈಮಗ್ಗದ ಕಾಲದಲ್ಲಿ ಹಾಸು ತಯಾರಾಗುತ್ತಿದ್ದದ್ದು ಬೀದಿಯಲ್ಲಿ. ಬೆಳಕು ಹರಿಯುವ ಹೊತ್ತಿಗೆ ಬೀದಿಯುದ್ದಕ್ಕೂ ಕವೆಗೋಲು ನೆಟ್ಟು, ಎಳೆಗಳನ್ನು ಬಿಗಿಯಾಗಿ ಚಾಚಿ, ಗಂಜಿ ಹಚ್ಚುವರು. ಇಬ್ಬರು ಎದುರುಬದುರು ನಿಂತು ಅಗಲವಾದ ಕುಂಚ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಗೆ ತೀಡುತ್ತ ನಡೆಯುವರು. ಎಳೆಗೆ ಎಳೆ ಅಂಟದ ಹಾಗೆ ಬಿಡಿಸುತ್ತ, ಬಿಸಿಲೇರುವ ಮೊದಲು ತೀಡಿ ಮುಗಿಸಿ, ಎಳೆಬಿಸಿಲಿಗೆ ಒಣಗಿಸಬೇಕು. ಆ ಹೊತ್ತಿನಲ್ಲಿ ನಾಲ್ಕು ಹನಿ ಬಿದ್ದರೆ ಮುಗಿಯಿತು. ಗಂಜಿ ಕರಗಿ ಹಾಸೆಲ್ಲ ಹಗ್ಗದಂತೆ ಹೊಸೆದುಕೊಳ್ಳುತ್ತದೆ, ಒಂದು ವಾರದ ಅನ್ನ ಬೀದಿಪಾಲು. ಹಿಂಗಾರು ಜೋರಾದರೆ ಇನ್ನೊಂದು ಪೀಡೆ: ಗುಂಡಿಮಗ್ಗದ ಗುಂಡಿಯಲ್ಲಿ ಒಸರು ನೀರು. ಕಾಲು ಇಳಿಬಿಡಲಾಗದೆ ನೇಯ್ಗೆ ನಿಲ್ಲುತ್ತಿತ್ತು. ಬೀದಿಯ ಹಿರಿಯರು ನಸುಕಿನಲ್ಲಿ ಎದ್ದು ಪಡುವಣ ದಿಕ್ಕು ನೋಡುತ್ತಿದ್ದುದು ಭಕ್ತಿಗಲ್ಲ.

ನಮ್ಮ ಅಜ್ಜನ ನೂಲು ಕೂಲಿಯ ಲೆಕ್ಕದ ಪುಸ್ತಕ ಒಂದು ಉಳಿದಿದೆ. ಅದರಲ್ಲಿ ಮಳೆ ಎಂಬ ಪದವೇ ಇಲ್ಲ. ಕೆಲವು ತಾರೀಖುಗಳ ಎದುರಿಗೆ ತಮಿಳಿನಲ್ಲಿ ‘ಪಾವು ಇಲ್ಲೈ’ ಎಂದಿದೆ, ಅಂದರೆ ಹಾಸು ಹಾಕಲಿಲ್ಲ. ಕೆಲವು ಕಡೆ ‘ಗುಂಡಿ ನೀರು’. ಐಪ್ಪಸಿ, ಕಾರ್ತಿಗೈ ತಿಂಗಳುಗಳಲ್ಲಿ ಇವು ದಟ್ಟವಾಗಿವೆ, ಮಾಸಿ ಪಂಗುನಿಯಲ್ಲಿ ಹಾಳೆ ಶುಭ್ರ. ನನ್ನ ಪಾಲಿಗೆ ಇದೂ ಒಂದು ಮಳೆ ದಾಖಲೆಯೇ. ಅಳತೆ ಮಾತ್ರ ಕೈತಪ್ಪಿದ ಕೂಲಿಯದು. ಹೊಲದವರ ಅಳತೆ ಬೇರೆ. ಕೊಂಗುನಾಡಿನ ರೈತ ಇವತ್ತಿಗೂ ‘ಒಂದು ಉಳುಮೆ ಮಳೆ’ ಎನ್ನುತ್ತಾನೆ, ಮೈಸೂರು ಕಡೆ ‘ಒಂದು ಹದ ಮಳೆ’ ಅಂದ ಹಾಗೆ. ನೇಗಿಲ ತುದಿಗೆ ತೇವ ಸಿಕ್ಕಿತೇ ಇಲ್ಲವೇ ಎನ್ನುವುದು ಅವನ ಪ್ರಶ್ನೆ. ಒಂದೇ ಮಳೆ ರೈತನ ಪುಸ್ತಕದಲ್ಲಿ ಜಮೆ, ನೇಕಾರನ ಪುಸ್ತಕದಲ್ಲಿ ಖರ್ಚು.

ಸರ್ಕಾರಕ್ಕೆ ಮಳೆಯ ಲೆಕ್ಕ ಜರೂರಾದದ್ದು ಜನ ಸತ್ತಮೇಲೆ. 1876ರಲ್ಲಿ ಶುರುವಾದ ಬರವನ್ನು ಕನ್ನಡದವರೂ ತಮಿಳರೂ ಒಂದೇ ಹೆಸರಿನಿಂದ ನೆನೆಯುತ್ತಾರೆ: ಧಾತು ವರ್ಷದ ಬರ. ಮೈಸೂರು ಸೀಮೆಯನ್ನು ಹೇಗೆ ತಿಂದಿತೋ ಕೊಯಮತ್ತೂರು ಜಿಲ್ಲೆಯನ್ನೂ ಹಾಗೇ ತಿಂದಿತು. ಭಾರತ ಹವಾಮಾನ ಇಲಾಖೆ ಹುಟ್ಟಿದ್ದೇನೋ 1875ರಲ್ಲಿ, ಬರಕ್ಕೆ ಒಂದು ವರ್ಷ ಮುಂಚೆ. ಆದರೆ ಅದರ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರಿನ ಮುನ್ಸೂಚನೆ ಕೊಡಲು ತೊಡಗಿದ್ದು ಬರ ಮುಗಿದ ಮೇಲೆ, 1880ರ ದಶಕದಲ್ಲಿ. ಊರುಗಳ ಮಟ್ಟದಲ್ಲಿ ಕೆಲಸ ಮಾಡಿದ್ದು ತಾಲ್ಲೂಕು ಕಚೇರಿಯ ಅಂಗಳದ ಮಾಪಕ. ಐದು ಇಂಚು ಬಾಯಿಯ ಸೈಮನ್ಸ್ ಮಾದರಿ, ಒಳಗೆ ಆಲಿಕೆ, ಕೆಳಗೆ ಸೀಸೆ, ಪಕ್ಕದಲ್ಲಿ ಗಾಜಿನ ಅಳತೆಪಾತ್ರೆ.

ಆ ಸೈಮನ್ಸ್ ಯಾರೆಂದು ಹೇಳಲೇಬೇಕು. ಜಾರ್ಜ್ ಜೇಮ್ಸ್ ಸೈಮನ್ಸ್ ಲಂಡನ್ನಿನವರು. 1860ರ ಸುಮಾರಿಗೆ ಬ್ರಿಟನ್ನಿನಲ್ಲಿ ತಮ್ಮ ಪಾಡಿಗೆ ಮಳೆ ಅಳೆಯುತ್ತಿದ್ದ 168 ಜನರ ಅಂಕಿಗಳನ್ನು ಒಟ್ಟು ಹಾಕಿ ಅಚ್ಚು ಮಾಡಿಸಿದರು. ಪತ್ರಿಕೆಗಳಿಗೆ ಕಾಗದ ಬರೆದು ಇನ್ನಷ್ಟು ಜನರನ್ನು ಕೂಡಿಸಿಕೊಂಡರು. 1900ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಬಳಗ 3,000 ದಾಟಿತ್ತು. ಪಾದ್ರಿಗಳು, ಡಾಕ್ಟರುಗಳು, ತೋಟದವರು, ಮನೆಯ ಹೆಂಗಸರು, ಎಲ್ಲರೂ ಸಂಬಳವಿಲ್ಲದ ಲೆಕ್ಕಿಗರು. ಅವರ ಹೆಸರಿನ ಮಾಪಕ ಇಲ್ಲಿಗೆ ಬಂದಾಗ ಬಳಗ ಬರಲಿಲ್ಲ, ತಗಡಿನ ಡಬ್ಬಿ ಮಾತ್ರ ಬಂತು. ಅಳೆಯುವವನು ಕಚೇರಿಯ ಸಿಬ್ಬಂದಿ, ಅಂಕಿ ಹೋಗುವುದು ಕಲೆಕ್ಟರರಿಗೆ. ಅಂಗಳದಲ್ಲೇ ನಿಂತ ರೈತನಿಗೆ ಅದನ್ನು ಓದಿ ಹೇಳುವ ವ್ಯವಸ್ಥೆ ಇರಲಿಲ್ಲ.

ಖಾಸಗಿ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟವರು ಬೆಟ್ಟದ ಮೇಲಿನ ತೋಟದವರು. ಆನೆಮಲೆಯಲ್ಲಿ ಕಾಡು ಕಡಿದು ತೋಟ ಎಬ್ಬಿಸುವುದು 1890ರ ದಶಕದಲ್ಲಿ ಬಿರುಸಾಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆಯಲ್ಲಿ ಕೂತವರಿಗೆ ಈ ಲೋಕ ಗೊತ್ತು: ಅಲ್ಲಿ ಮಳೆಗೆ ಮಿ.ಮೀ. ಇಲ್ಲ, ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಹೂಮಳೆ ಎಷ್ಟು ಸೆಂಟು ಬಿತ್ತು ಎನ್ನುವುದರ ಮೇಲೆ ಆ ವರ್ಷದ ಫಸಲಿನ ಮಾತು. ಪಕ್ಕದ ತೋಟಕ್ಕೆ ಫೋನು ಮಾಡಿ ‘ನಿಮಗೆಷ್ಟು?’ ಎಂದು ಕೇಳಿದ ಮೇಲೇ ಬೆಳಗಿನ ಕಾಫಿ. ಮಳೆಯ ಅಂಕಿಯನ್ನು ಅಕ್ಕಪಕ್ಕದವರು ಹಂಚಿಕೊಳ್ಳುವ ಚಟ ನಮ್ಮ ದಕ್ಷಿಣದಲ್ಲಿ ಬೇರೂರಿದ್ದು ಆ ತೋಟಗಳಲ್ಲಿ ಎಂದು ನನ್ನ ಅಂದಾಜು.

ಬೆಟ್ಟದ ಅಂಕಿ ಬಯಲಿನವರಿಗೆ ಬೇಕಾದದ್ದು ಪರಂಬಿಕುಳಂ–ಆಳಿಯಾರ್ ಯೋಜನೆ ಬಂದ ಮೇಲೆ. ತಮಿಳುನಾಡು, ಕೇರಳ ಒಪ್ಪಂದಕ್ಕೆ ಸಹಿ ಹಾಕಿದ್ದು 1970ರಲ್ಲಿ. ಅದು ಜಾರಿಗೆ ಬಂದ ಲೆಕ್ಕ ಹಿಡಿದದ್ದು 1958ರಿಂದ. ಪಡುವಣಕ್ಕೆ ಹರಿಯುತ್ತಿದ್ದ ನೀರಾರ್, ಸೋಲೈಯಾರ್ ನೀರನ್ನು ಸುರಂಗ, ಕಾಲುವೆಗಳಲ್ಲಿ ಮೂಡಣಕ್ಕೆ ತಿರುಗಿಸಿ, ಪರಂಬಿಕುಳಂ ಮೂಲಕ ತಿರುಮೂರ್ತಿ ಅಣೆಕಟ್ಟಿಗೆ ತಂದರು. ಅಲ್ಲಿಂದ ಉಡುಮಲಪೇಟೆ, ಪಲ್ಲಡಂ, ಕಾಂಗೇಯಂ ಕಡೆಯ ಹೊಲಗಳಿಗೆ, ನಾಲ್ಕು ವಲಯ ಮಾಡಿ ಸರದಿಯ ಮೇಲೆ. ಅಂದಿನಿಂದ ತಲೆಯ ಮೇಲೆ ಹನಿ ಬೀಳದ ಊರಿನ ರೈತ ಚಿನ್ನಕಲ್ಲಾರಿನ ಮಳೆಯನ್ನು ಪೇಟೆ ಧಾರಣೆ ಓದುವಂತೆ ಓದತೊಡಗಿದ. ಕೊಯಮತ್ತೂರು ನಗರದವರು ಹಾಗೇ ಸಿರುವಾಣಿ ಅಣೆಯ ಮಟ್ಟ ಓದುತ್ತಾರೆ. 50 ಅಡಿಯಲ್ಲಿ ಇವತ್ತು ಎಷ್ಟು ಎನ್ನುವುದು ನಳ್ಳಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರ ಮುನ್ಸೂಚನೆ. ನಮ್ಮ ಕಡೆಯ ತಮಿಳು ಪತ್ರಿಕೆಗಳು ಈ ಅಂಕಿಗಳನ್ನು ಬಿಡದೆ ಹಾಕುತ್ತ ಬಂದಿವೆ. ಹವ್ಯಾಸಿಗಳನ್ನು ತಯಾರು ಮಾಡಿದ್ದು ಆ ಪುಟ್ಟ ಚೌಕಗಳು.

ಶಾಸ್ತ್ರೋಕ್ತವಾಗಿ ಅಳೆಯುವ ವಿದ್ಯೆ ಬಂದದ್ದು ಕೃಷಿ ಕಾಲೇಜಿನಿಂದ. ಮದ್ರಾಸಿನ ಸೈದಾಪೇಟೆಯಲ್ಲಿ 1868ರಲ್ಲಿ ಶುರುವಾದ ಕೃಷಿ ಶಾಲೆ 1906ರಲ್ಲಿ ಕೊಯಮತ್ತೂರಿಗೆ ಬಂತು. ಅದೇ 1971ರಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವಾಯಿತು. ಪಕ್ಕದಲ್ಲೇ 1912ರಿಂದ ಕಬ್ಬು ತಳಿ ಸಂಸ್ಥೆ. ಕೃಷಿ ಹವಾಮಾನ ವೀಕ್ಷಣಾಲಯದಲ್ಲಿ ದಿನದ ಓದಿಕೆ ಬೆಳಗ್ಗೆ 7:22ಕ್ಕೆ ಮತ್ತು ಮಧ್ಯಾಹ್ನ 2:22ಕ್ಕೆ. ಈ 22 ನಿಮಿಷ ಏನೆಂದು ಮೊದಲು ಕೇಳಿದವರೆಲ್ಲ ನಗುತ್ತಾರೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕೊಯಮತ್ತೂರು ಇರುವುದು 77ರಲ್ಲಿ. ಸೂರ್ಯ ಇಲ್ಲಿಗೆ 22 ನಿಮಿಷ ತಡವಾಗಿ ಬರುತ್ತಾನೆ. ಗಿಡಕ್ಕೆ ಗೊತ್ತಿರುವುದು ಸೂರ್ಯನ ಗಂಟೆಯಾದ್ದರಿಂದ ಸ್ಥಳೀಯ ಏಳು ಗಂಟೆ, ಸ್ಥಳೀಯ ಎರಡು ಗಂಟೆಯನ್ನೇ ಹಿಡಿಯುತ್ತಾರೆ. ಇಂಥ ಕೃಷಿ ಹವಾಮಾನ ಶಾಸ್ತ್ರಕ್ಕೆ ನೆಲೆ ಕೊಟ್ಟವರು ಎಲ್.ಎ. ರಾಮದಾಸ್, ಕಂಡಿಯ ಆಚೆ ಬದಿಯ ಪಾಲಕ್ಕಾಡಿನವರು. 1932ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆಯ ಕೃಷಿ ವಿಭಾಗ ತೆರೆದಾಗ ಅದರ ಹೊಣೆ ಹೊತ್ತವರು.

ಮಳೆಗೆ ಮಾತ್ರ ದೇಶಕ್ಕೆಲ್ಲ ಒಂದೇ ಗಂಟೆ, ಬೆಳಗ್ಗೆ 8:30. ಹಿಂದಿನ ದಿನದ 8:30ರಿಂದ ಬಿದ್ದದ್ದೆಲ್ಲ ಇಂದಿನ ತಾರೀಖಿಗೆ ಜಮೆ. ನಿನ್ನೆ ಸಂಜೆ ಛತ್ರಿ ಮುರಿದುಕೊಂಡವನಿಗೆ ಅದು ‘ಇವತ್ತಿನ ಮಳೆ’ ಎಂದು ಒಪ್ಪಿಸುವುದು ಸುಲಭವಲ್ಲ. ಗುಂಪಿಗೆ ಹೊಸದಾಗಿ ಸೇರಿದವರ ಮೊದಲ ಜಗಳ ಯಾವಾಗಲೂ ಇದೇ.

ಗುಂಪುಗಳ ಕಾಲಕ್ಕೆ ಬಂದೆವು. 2015ರ ಚೆನ್ನೈ ಪ್ರವಾಹದ ಹೊತ್ತಿಗೆ ‘ತಮಿಳುನಾಡು ವೆದರ್‌ಮ್ಯಾನ್’ ಪ್ರದೀಪ್ ಜಾನ್ ಮನೆಮಾತಾದರು. ಅವರು ಹವಾಮಾನ ಇಲಾಖೆಯವರಲ್ಲ. ಹಳೆಯ ಮಳೆ ಅಂಕಿಗಳನ್ನು ಹುಚ್ಚು ಹಿಡಿದಂತೆ ಕೂಡಿಟ್ಟ ಹವ್ಯಾಸಿ. ‘ಹೆದರಬೇಡಿ, ಇಷ್ಟು ಹೊತ್ತಿಗೆ ನಿಲ್ಲುತ್ತದೆ’ ಎಂದು ಜನರ ಭಾಷೆಯಲ್ಲಿ ಹೇಳಿದವರು. ಆಮೇಲೆ ಜಿಲ್ಲೆಗೊಬ್ಬ ವೆದರ್‌ಮ್ಯಾನ್ ಹುಟ್ಟಿಕೊಂಡರು, ಕೊಯಮತ್ತೂರಿನಲ್ಲಿಯೂ. ಅವರ ಹಿಂದೆ ನಮ್ಮಂಥ ಹೆಸರಿಲ್ಲದವರ ಸಾಲು: ತೆಂಗಿನ ತೋಟದವರು, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಬಟ್ಟೆ ಒಣಗಿಸುವ ಮೇಸ್ತ್ರಿ, ಗಾಳಿಯಂತ್ರ ನೋಡಿಕೊಳ್ಳುವ ಹುಡುಗರು, ನಿವೃತ್ತ ಮೇಷ್ಟ್ರುಗಳು, ನಾನು. 8:30ರಿಂದ ಒಂಬತ್ತರ ಒಳಗೆ ಊರು, ಅಂಕಿ, ಅಷ್ಟೇ. ಸೈಮನ್ಸ್ ಬಳಗ ಒಂದೂವರೆ ಶತಮಾನ ತಡವಾಗಿ ಬಂತು ಅನ್ನಿ.

ಇದರಲ್ಲೊಂದು ಕೊರತೆಯಿದೆ, ನಾನು ಹೇಳಬೇಕೆಂದಿರುವುದೇ ಅದು. ಗುಂಪಿಗೆ ಮಳೆಯ ಮೋಹ. 100 ದಾಟಿದ ಅಂಕಿ ಬಂದರೆ ಚಪ್ಪಾಳೆಯ ಮಳೆ, ಬೆಟ್ಟದವರೇ ಹೀರೋಗಳು. ಮಳೆ ನಿಂತ ವಾರ ಗುಂಪು ಮಲಗಿಬಿಡುತ್ತದೆ. ಮಳೆ ಬಂದ ದಿನ ಬರೆದು ಬಾರದ ದಿನ ಬಿಟ್ಟರೆ ಅದು ದಾಖಲೆಯಾಗುವುದಿಲ್ಲ, ಹಬ್ಬದ ಆಲ್ಬಮ್ ಆಗುತ್ತದೆ. ಯಾವ ಉತ್ಸಾಹವೂ ಇಲ್ಲದ ತಾಲ್ಲೂಕು ಕಚೇರಿಯ ನೌಕರ ನಮಗಿಂತ ಮೇಲಾಗುವುದು ಇಲ್ಲೇ; ಅವನು ಆಕಳಿಸುತ್ತಲಾದರೂ ಸೊನ್ನೆ ಬರೆಯುತ್ತಾನೆ. ಅಮೆರಿಕದ ಕೊಲರಾಡೊದಲ್ಲಿ 1997ರ ಜುಲೈನಲ್ಲಿ ಫೋರ್ಟ್ ಕಾಲಿನ್ಸ್ ಊರನ್ನು ಮಳೆ ಮುಳುಗಿಸಿತು. ಊರಿನ ಒಂದು ಬದಿಗೆ ಕುಂಭದ್ರೋಣ, ಇನ್ನೊಂದು ಬದಿಗೆ ಸಾಮಾನ್ಯ ಮಳೆ. ಮರುವರ್ಷ ಅಲ್ಲಿಯವರು ‘ಕೊಕೊರಾಸ್’ ಎಂಬ ನಾಗರಿಕ ಜಾಲ ಕಟ್ಟಿದರು. ಮಳೆ ಬಾರದ ದಿನ ತಪ್ಪದೆ ಸೊನ್ನೆ ಕಳಿಸಿ ಎಂದು ಅವರು ಇವತ್ತಿಗೂ ದುಂಬಾಲು ಬೀಳುತ್ತಾರೆ. ಪಟ್ಟಿಯಲ್ಲಿ ಖಾಲಿ ಬಿಟ್ಟ ಮನೆಗೆ ಎರಡರ್ಥ: ಮಳೆ ಇರಲಿಲ್ಲ, ಇಲ್ಲವೇ ನೋಡುವವರು ಊರಲ್ಲಿರಲಿಲ್ಲ. ಬರದ ಲೆಕ್ಕ ಹಾಕುವವನಿಗೆ ಇವೆರಡರ ನಡುವೆ ಆಕಾಶ ಭೂಮಿಯಷ್ಟು ಅಂತರ.

ನಮ್ಮ ಬಯಲಿಗೆ ಇದು ಬರೀ ಶಾಸ್ತ್ರದ ಮಾತಲ್ಲ. ಕಾಂಗೇಯಂ, ಧಾರಾಪುರದ ಕಡೆ ‘ಕೊರಂಗಾಡು’ ಎಂಬ ಹುಲ್ಲುಗಾವಲುಗಳಿವೆ. ಮುಳ್ಳುಕಿಳುವೆಯ ಬೇಲಿ, ನಡುನಡುವೆ ಬಿಳಿಜಾಲಿ ಮರ, ಕೆಳಗೆ ಕೊಳುಕಟ್ಟೆ ಹುಲ್ಲು. ಪ್ರಸಿದ್ಧ ಕಾಂಗೇಯಂ ದನಗಳು ಮೇಯುವುದು ಅಲ್ಲಿ. ಎಷ್ಟು ದಿನ ಹನಿ ಬೀಳಲಿಲ್ಲ, ಮಂದೆಯನ್ನು ಯಾವಾಗ ಮುಂದಿನ ಪಟ್ಟಿಗೆ ದಾಟಿಸಬೇಕು ಎನ್ನುವುದು ಆ ರೈತರ ಲೆಕ್ಕ. ಅವರಿಗೆ ಬೇಕಾದದ್ದು ಸೊನ್ನೆಗಳ ಸಾಲು.

ಹವಾಮಾನ ಆಧರಿಸಿದ ಬೆಳೆವಿಮೆ ಬಂದ ಮೇಲೆ ಸೊನ್ನೆಗೆ ರೂಪಾಯಿಯ ಬೆಲೆಯೂ ಬಂತು. ಈ ವಿಮೆಯನ್ನು 2007ರ ಮುಂಗಾರಿನಲ್ಲಿ ಮೊದಲು ಪ್ರಯೋಗಿಸಿದ್ದು ಕರ್ನಾಟಕದಲ್ಲಿ. ಪರಿಹಾರ ನಿಂತಿರುವುದು ರೈತನ ಹೊಲದ ಮಳೆಯ ಮೇಲಲ್ಲ, ಗೊತ್ತುಪಡಿಸಿದ ಕೇಂದ್ರದ ಮಳೆಯ ಮೇಲೆ. ಕೇಂದ್ರದ ತಲೆಯ ಮೇಲೊಂದು ಮೋಡ ಒಡೆದರೆ ಆಚೆ ಊರಿನ ಒಣ ಹೊಲವೂ ಕಾಗದದಲ್ಲಿ ನೆನೆದಂತೆಯೇ. ಕರ್ನಾಟಕ ಇದಕ್ಕೆ ಕಂಡುಕೊಂಡ ದಾರಿ ನನಗೆ ಮೆಚ್ಚುಗೆ. 1988ರಲ್ಲೇ ಬರ ನಿಗಾ ಘಟಕ ಶುರುಮಾಡಿ, ಅದನ್ನೇ ಬೆಳೆಸಿ, ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ನೆಟ್ಟು 15 ನಿಮಿಷಕ್ಕೊಮ್ಮೆ ಅಂಕಿ ತರಿಸುತ್ತಿದ್ದಾರೆ. ತಮಿಳುನಾಡಿನಲ್ಲಿ ಕೃಷಿ ವಿಶ್ವವಿದ್ಯಾಲಯ ಬ್ಲಾಕುಗಳಲ್ಲಿ ಸ್ವಯಂಚಾಲಿತ ಕೇಂದ್ರಗಳನ್ನು ಇಟ್ಟಿದೆ. ನಡುವಿನ ಜಾಗ ತುಂಬುವವರು ಹವ್ಯಾಸಿಗಳು. ಅವರ ಅಂಕಿಗೆ ಕಚೇರಿಯಲ್ಲಿ ಮುದ್ರೆಯಿಲ್ಲ.

ಅಂಕಿಯನ್ನು ಅಡ್ಡದಾರಿಗೆ ಎಳೆದು, ತಪ್ಪನ್ನೆಲ್ಲ ಮಳೆಯ ತಲೆಗೆ ಕಟ್ಟುವುದೂ ಉಂಟು. 2019ರ ಡಿಸೆಂಬರ್ 2ರ ನಸುಕಿನಲ್ಲಿ ಮೇಟ್ಟುಪಾಳಯಂ ಬಳಿಯ ನಡೂರಿನಲ್ಲಿ ಕಾಂಪೌಂಡ್ ಗೋಡೆಯೊಂದು ದಲಿತರ ಮನೆಗಳ ಮೇಲೆ ಕುಸಿದು 17 ಜನ ಸತ್ತರು. ರಾತ್ರಿ ಜೋರು ಮಳೆಯಾಗಿದ್ದು ನಿಜ. ಆದರೆ ಅಷ್ಟೆತ್ತರದ ಗೋಡೆ ಅಲ್ಲಿ ಏಕಿತ್ತು ಎನ್ನುವುದಕ್ಕೆ ಯಾವ ಮಳೆಮಾಪಕದಲ್ಲೂ ಉತ್ತರವಿಲ್ಲ.

ಈಗ ನಮ್ಮ ಗುಂಪಿನ ಜಗಳ ಮಾಳಿಗೆಯದು. ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು, ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರವಿರಬೇಕು. ನಗರದಲ್ಲಿ ಅಷ್ಟು ಜಾಗ ಯಾರಿಗಿದೆ? ಎಲ್ಲರದೂ ಮಾಳಿಗೆಗೆ ಹೋಗುತ್ತದೆ. ಎತ್ತರಕ್ಕೆ ಹೋದಷ್ಟೂ ಮಾಪಕಕ್ಕೆ ಮಳೆ ಕಡಿಮೆ ಸಿಗುತ್ತದೆಂದು 1760ರ ದಶಕದಲ್ಲೇ ಲಂಡನ್ನಿನ ವೈದ್ಯ ಹೆಬರ್ಡನ್ ತೋರಿಸಿದ್ದರು. ಒಂದೇ ವರ್ಷದ ಮಳೆ, ನೆಲದ ಮಾಪಕದಲ್ಲಿ 22 ಇಂಚಿಗೂ ಹೆಚ್ಚು, ಮನೆಯ ಮೇಲೆ 18, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ನೆತ್ತಿಯಲ್ಲಿ 12. ಮಳೆ ಕದಿಯುವ ಕಳ್ಳ ಗಾಳಿಯೇ ಎಂದು ವಿವರಿಸಿದ್ದು 1861ರಲ್ಲಿ, ಅರ್ಥಶಾಸ್ತ್ರಜ್ಞನೆಂದು ಹೆಸರಾದ ಜೆವನ್ಸ್. ಮಾಪಕದ ಬಾಯಿಗೆ ಬಡಿದ ಗಾಳಿ ಮೇಲೆದ್ದು ಸಣ್ಣ ಹನಿಗಳನ್ನು ಆಚೆ ಹೊತ್ತೊಯ್ಯುತ್ತದೆ. ನಮ್ಮದು ಹೇಳಿಕೇಳಿ ಗಾಳಿಯ ಸೀಮೆ. ಕೇತನೂರು, ಪೂಳವಾಡಿ, ಉಡುಮಲಪೇಟೆಯ ಬಯಲಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಆಷಾಢದ ಸೋನೆ ಅಲ್ಲಿ ಅಡ್ಡಡ್ಡಲಾಗಿ ಬರುತ್ತದೆ. ಮಾಳಿಗೆಯ ಮಾಪಕಕ್ಕೆ ಬೀಳುವುದು ಪ್ರಸಾದದಷ್ಟು.

ಅದಕ್ಕೇ ನೆಲದ ಅಂಕಿಗೊಂದು ಕಾಲಂ, ಮಾಳಿಗೆಯದಕ್ಕೊಂದು ಕಾಲಂ ಇರಲಿ ಎಂದು ನಾನು ಹಟ ಹಿಡಿದಿದ್ದೇನೆ. ನಗರದ ಹುಡುಗರಿಗೆ ಇದು ಅವಮಾನದಂತೆ ಕಾಣುತ್ತದೆ. ‘ಅಕ್ಕಾ, ನಮ್ಮನ್ನು ಎರಡನೇ ದರ್ಜೆಗೆ ತಳ್ಳುತ್ತೀರಾ’ ಎನ್ನುತ್ತಾರೆ. ತೀರ್ಮಾನ ಇನ್ನೂ ಆಗಿಲ್ಲ. ಕುಂಡಡಂ ಕಡೆಯ ಹಿರಿಯ ರೈತರೊಬ್ಬರಿದ್ದಾರೆ, ಕೊರಂಗಾಡಿನ ನಡುವೆ ನೆಲದ ಮೇಲೇ ಮಾಪಕ ಇಟ್ಟವರು, ಮಳೆಯಿಲ್ಲದ ದಿನವೂ ತಪ್ಪದೆ ಬರೆಯುವವರು. ಫೋನು ತುಂಬುತ್ತದೆ, ಮಳೆ ಬಂದಾಗ ಮಾತ್ರ ಕಳಿಸಿ ಎಂದು ಒಮ್ಮೆ ಯಾರೋ ಹೇಳಿದಾಗ ಉತ್ತರಿಸದೆ ಮರುದಿನವೂ ಸೊನ್ನೆ ಕಳಿಸಿದವರು. ಈ ಕಾಲಂ ಜಗಳದಲ್ಲಿ ನಿಮ್ಮ ಮಾತೇನು ಅಣ್ಣಾ ಎಂದು ಕೇಳಿದೆ. ಸೊನ್ನೆಗೆ ಮಾಳಿಗೆಯಾದರೇನು ನೆಲವಾದರೇನಮ್ಮಾ, ಎಂದು ಮೇವು ಹಾಕಲು ಎದ್ದುಹೋದರು.